ಮೇಷ್ಟ್ರ ಬಳ್ಳಿಯೂ ನನ್ನ ಸೊಟ್ಟ ಕುಂಡಗಳೂ

ಬಿರುಬೇಸಿಗೆಯಲ್ಲಿ ಕೊಡೆ ಮಾರಿದವನು ನಾನು. ಅಂಗಡಿಯ ಮುಂದೆ ಮಳೆನೀರು ಹೊಳೆಯಾಗಿ ಹರಿಯುತ್ತಿದ್ದಾಗ, ನೀರು ತುಂಬಿಡುವ ಡ್ರಮ್ಮನ್ನು ಗಿರಾಕಿಯ ತಲೆಯ ಮೇಲೆ ಹೊರಿಸಿ ಕಳಿಸಿದವನು. ಪ್ಲಾಸ್ಟಿಕ್ ಸಾಮಾನಿನ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡ ಇಂಥ ಮಹಾಶೂರ, ಕೇವಲ ಒಂದು ಬಳ್ಳಿಗೆ ಹೆದರುವುದುಂಟೇ?

"ಈ ಬಳ್ಳಿಯ ವಂಶವನ್ನೇ ನಿರ್ನಾಮ ಮಾಡ್ತೀನಿ, ನೋಡ್ತಿರು!" ಎಂದು ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಮೇಲೆತ್ತಿ ಘೋಷಿಸಿದೆ.

"ಮೊದಲು ಬಾಯಿ ತೊಳ್ಕೊಂಡು ಬನ್ನಿ. ನೊರೆ ಅಂಗಿ ಮೇಲೆ ಇಳೀತಿದೆ" ಎಂದಳು ಹೆಂಡತಿ.

ಘೋಷಣೆಗೆ ಕಾರಣವಿತ್ತು. ಅಂದು ಬೆಳಗ್ಗೆ ನಮ್ಮಮ್ಮ ಬಚ್ಚಲಿಗೆ ಹೋದವಳು "ಹಾವು!" ಎಂದು ಕಿರುಚಿಕೊಂಡು ಹೊರಗೆ ಬಂದಿದ್ದಳು. ನಾನು ಕೈಗೆ ಸಿಕ್ಕ ಪೊರಕೆ ಹಿಡಿದು ಒಳನುಗ್ಗಿ ನೋಡಿದರೆ, ನೀರು ಹೋಗುವ ತೂತಿನಿಂದ ಒಂದು ಬಳ್ಳಿ ಒಳಗೆ ಬಂದು, ಗೋಡೆ ಹತ್ತಿ, ಸೋಪಿನ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಳದಿ ಹೂವನ್ನು ಅರಳಿಸಿಕೊಂಡು ನಗುತ್ತಿತ್ತು!

ಅದು ಪಕ್ಕದ ಮನೆ ಮೇಷ್ಟ್ರ ಬಳ್ಳಿ. ಅಂಗಿಯ ಗುಂಡಿಯಷ್ಟು ಹೂವು, ಮುದ್ದಾದ ಎಲೆ, ನೋಡಿದರೆ ಪಾಪ ಅನ್ನಿಸಬೇಕು. ಆದರೆ ಗೆಣ್ಣು ಗೆಣ್ಣಿಗೂ ಬೇರು. ಮೊದಲು ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿತು. ಆಮೇಲೆ ಗೋಡೆಯ ಕೆಳಗಿಂದ ನುಸುಳಿತು. ಹೆಂಡತಿಯ ಟೊಮ್ಯಾಟೊ ಗಿಡಗಳ ಕುತ್ತಿಗೆ ಹಿಡಿಯಿತು, ಗುಲಾಬಿಯನ್ನು ಅಪ್ಪಿಕೊಂಡು ಉಸಿರು ಕಟ್ಟಿಸಿತು, ಬಟ್ಟೆ ಒಣಹಾಕುವ ತಂತಿಯ ಮೇಲೆ ನಮ್ಮ ಬನಿಯನ್ನುಗಳ ಜೊತೆ ತಾನೂ ಸಾಲಾಗಿ ತೂಗಿತು. ಅದರ ಹೆಸರೇನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಮ್ಮನೇ ಅದಕ್ಕೆ ನಾಮಕರಣ ಮಾಡಿದಳು: "ಇದು ನೆಂಟರ ಬಳ್ಳಿ ಕಣೋ. ಕರೆಯದೆ ಬಂತು, ಹೋಗೋ ಮಾತೇ ಆಡಲ್ಲ."

"ರೀ, ಬಾಯಿಮಾತು ಬೇಡ" ಎಂದಳು ಹೆಂಡತಿ. "ಮಳೆ ಹಿಡಿಯೋದ್ರೊಳಗೆ ಇದನ್ನ ತೆಗೀದಿದ್ರೆ ಆಮೇಲೆ ಮನೆ ಬಿಟ್ಟು ನಾವೇ ಹೋಗ್ಬೇಕಾಗುತ್ತೆ. ನಿಮ್ಮ ಕೈಲಿ ಆಗದಿದ್ರೆ?"

"ಆಗದಿದ್ರೆ ಶೆಡ್ ಖಾಲಿ ಮಾಡಿ ಬೀಗದಕೈ ನಿನ್ನ ಕೈಗೆ ಕೊಡ್ತೀನಿ!"

"ಆದ್ರೆ?"

"ಆದ್ರೆ, ಇನ್ನು ಈ ಜನ್ಮದಲ್ಲಿ ನೀನು ಶೆಡ್ಡಿನ ಮಾತು ಎತ್ತಬಾರದು. ಒಂದಕ್ಷರ ಕೂಡ!"

"ಆಯ್ತು" ಎಂದಳು.

ಅಷ್ಟೇ! ಚೌಕಾಸಿ ಇಲ್ಲ, ಮುಖ ಸಿಂಡರಿಸುವುದಿಲ್ಲ. ಹೇಳಿದ ಮೊದಲ ಬೆಲೆಗೇ ತಲೆಯಾಡಿಸುವ ಗಿರಾಕಿಯನ್ನು ಕಂಡರೆ ಬಕೆಟ್ಟಿನ ತಳವನ್ನು ನಾನೇ ಇನ್ನೊಮ್ಮೆ ತಿರುಗಿಸಿ ನೋಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಇರುವ ಆ ಎಚ್ಚರ ಮನೆಗೆ ಬಂದ ಮೇಲೆ ಚಪ್ಪಲಿಯ ಜೊತೆಗೇ ಬಾಗಿಲಲ್ಲಿ ಉಳಿದುಬಿಡುತ್ತದೆ, ಏನು ಮಾಡಲಿ?

"ಅವಳು ಆಯ್ತು ಅಂದ್ಬಿಟ್ಳಲ್ಲೋ" ಎಂದಳು ಅಮ್ಮ. "ಇನ್ನು ನೀನು ಹುಷಾರು."

ಶೆಡ್ಡಿನ ಕಥೆಯನ್ನೂ ಹೇಳಿಬಿಡಬೇಕು. ಹಿತ್ತಿಲ ಮೂಲೆಯಲ್ಲಿ, ಕಿಟಕಿಯಿರುವ ಗಟ್ಟಿಮುಟ್ಟಾದ ತಗಡಿನ ಶೆಡ್ಡು. ಅದರೊಳಗೆ ಚಾವಣಿ ಮುಟ್ಟುವವರೆಗೆ ನನ್ನ ಕಿತ್ತಳೆ ಬಣ್ಣದ ಹೂಕುಂಡಗಳು. ಒಬ್ಬ ತಯಾರಕ ಬಾಗಿಲು ಹಾಕುವಾಗ ಅಗ್ಗದಲ್ಲಿ ಸಿಕ್ಕಿತೆಂದು ಒಂದು ಲಾರಿ ತುಂಬ ತಂದುಬಿಟ್ಟಿದ್ದೆ. ಇಳಿಸಿದ ಮೇಲೆ ಗೊತ್ತಾಯಿತು, ಒಂದೊಂದೂ ಒಂದು ಕಡೆಗೆ ವಾಲಿಕೊಂಡಿದೆ! ಸೊಂಟ ಹಿಡಿದುಕೊಂಡವರ ಹಾಗೆ ನಿಲ್ಲುತ್ತಿದ್ದ ಅವನ್ನು ಯಾರೂ ಮೂಸಿ ನೋಡಲಿಲ್ಲ.

ಕದಲದ ಸರಕಿಗೆ ನನ್ನ ಹತ್ತಿರ ಒಂದು ಬ್ರಹ್ಮಾಸ್ತ್ರವಿದೆ. 'ಮಾರಾಟಕ್ಕಿಲ್ಲ' ಎಂದು ಬರೆದ ರಟ್ಟನ್ನು ದಾರದಲ್ಲಿ ಕಟ್ಟಿ ಎತ್ತರದಲ್ಲಿ ತೂಗುಹಾಕುವುದು. ಕೊಡುವುದಿಲ್ಲ ಅಂದ ಕೂಡಲೇ ಮನುಷ್ಯನಿಗೆ ಅದೇ ಬೇಕು. ಈ ರಟ್ಟಿನ ಬಲದಿಂದ ಹಿಡಿ ಸಡಿಲವಾದ ಬಾಚಣಿಗೆಗಳನ್ನೂ ಮುಚ್ಚಳ ಕೂರದ ಡಬ್ಬಿಗಳನ್ನೂ ದಾಟಿಸಿದ್ದೇನೆ. ವಿದ್ಯೆಯ ಗುಟ್ಟನ್ನು ಹೆಂಡತಿಗೊಬ್ಬಳಿಗೇ ಹೇಳಿಕೊಟ್ಟಿದ್ದೆ, ನನಗೆ ಜ್ವರ ಬಂದಾಗ ಗಲ್ಲಾದಲ್ಲಿ ಕೂರುವವಳು ಅವಳೇ. ಆದರೆ ಸೊಟ್ಟ ಕುಂಡಗಳ ಮುಂದೆ ಬ್ರಹ್ಮಾಸ್ತ್ರವೂ ಸೋತಿತು. ರಟ್ಟು ಓದಿದ ಒಬ್ಬ ಮಹಾನುಭಾವರು "ಸದ್ಯ, ಒಳ್ಳೇದಾಯ್ತು" ಎಂದು ಮುಂದೆ ಹೋದರು!

ಹೆಂಡತಿಗೆ ಆ ಶೆಡ್ಡಿನ ಮೇಲೆ ಬಹಳ ಹಿಂದಿನಿಂದ ಕಣ್ಣು. ಅವಳು ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಾಳೆ. ಹೊಲಿಗೆ ಮಷೀನಿಗೆ ಜಾಗ ಮಾತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟು ಓಡಾಟದ ದಾರಿಯಲ್ಲಿ. ಯಾರಿಗೆ ಬಚ್ಚಲಿಗೆ ಅವಸರವಾದರೂ ಅವಳು ಸೂಜಿ ಎತ್ತಿ, ಬಟ್ಟೆ ಮಡಚಿ, ಸ್ಟೂಲು ಸರಿಸಿ ಎದ್ದು ನಿಲ್ಲಬೇಕು. ಒಮ್ಮೆ ನನ್ನ ಅವಸರದ ಗದ್ದಲದಲ್ಲಿ ಒಂದು ಫ್ರಾಕಿನ ಎರಡು ತೋಳೂ ಒಂದೇ ಕಡೆಗೆ ಕೂತಿದ್ದವು. "ಶೆಡ್ ಕೊಡಿ, ಮಷೀನು ಅಲ್ಲಿ ಹಾಕ್ಕೋತೀನಿ" ಎಂದು ಅವಳು, "ಕುಂಡ ಇವತ್ತಲ್ಲ ನಾಳೆ ಕದಲುತ್ತೆ ಕಣೇ" ಎಂದು ನಾನು. ಇದು ನಮ್ಮ ದಾಂಪತ್ಯದ ನಿತ್ಯಪಾರಾಯಣ.

ಈಗ ಪಂಥ ಬಿದ್ದಿತ್ತು. ಗೆದ್ದರೆ ಪಾರಾಯಣಕ್ಕೆ ಮಂಗಳ!

ಮೊದಲು ಸಂಧಾನ ಎಂದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೆಲಸ ಮುಗಿದರೂ ಕೊರಳಿನಿಂದ ಸೀಟಿ ಇಳಿದಿಲ್ಲ. ಹಾಲಿನವನು ತಡಮಾಡಿದರೂ ಸೀಟಿ, ಬೆಳಗ್ಗೆ ಬೀದಿಯ ಕುಕ್ಕರುಗಳಿಗಿಂತ ಮೊದಲು ಇವರದೇ ಸೀಟಿ.

"ಬನ್ನಿ ಸಾಹುಕಾರ್ರೇ! ಬೆನ್ನು! ಬೆನ್ನು ನೆಟ್ಟಗೆ!"

ನೆಟ್ಟಗೆ ಮಾಡಿದೆ. ಅಲ್ಲಿಗೇ ಅರ್ಧ ಸೋತೆ.

"ಮೇಷ್ಟ್ರೇ, ನಿಮ್ಮ ಬಳ್ಳಿ ನಮ್ಮ ಹಿತ್ತಿಲಿಗೆ..."

"ಬಂತಾ?" ಅವರ ಮುಖ ಅರಳಿತು. "ಎಲ್ಲೀವರೆಗೆ ಬಂತು?"

"ಬಚ್ಚಲ ಒಳಗೆ."

"ಶಭಾಷ್!" ಎಂದು ತೊಡೆ ತಟ್ಟಿದರು. "ನೋಡಿ ಸಾಹುಕಾರ್ರೇ, ಜೀವಮಾನವೆಲ್ಲ 'ಮುಂದೆ ನಡಿ' ಅಂತ ಗಂಟಲು ಹರ್ಕೊಂಡೆ. ಒಬ್ಬನಾದ್ರೂ ಸಾಲು ಕೆಡಿಸದೆ ನಡೆದ್ನಾ? ಇದೊಂದೇ ನೋಡಿ, ಹೇಳಿಸಿಕೊಳ್ಳದೆ ನಡೀತಿರೋದು!"

"ಅದೆಲ್ಲ ಸರಿ ಮೇಷ್ಟ್ರೇ, 'ಹಿಂದೆ ತಿರುಗು' ಅನ್ನೋದನ್ನೂ ಸ್ವಲ್ಪ ಕಲಿಸಿದ್ರೆ..."

"ನಿಮ್ಮ ಕಡೆ ಮಣ್ಣು ಸಡಿಲ, ಅದಕ್ಕೇ ಅಡ್ಡಾದಿಡ್ಡಿ ಹೋಗಿದೆ. ತಾಳಿ, ಎರಡು ಗಟ್ಟಿ ಸಸಿ ಕೊಡ್ತೀನಿ. ಬಲಗಡೆ ಮೂಲೇಲಿ ನೆಡಿ. ಎರಡೂ ಕಡೆಯಿಂದ ಕವಾಯತು ಮಾಡ್ಕೊಂಡು ಬಂದು ನಡುವೆ ಕೈಕುಲುಕ್ತವೆ!"

ಅವರ ಬೆನ್ನ ಹಿಂದೆ, ಬಾಗಿಲ ಮರೆಯಲ್ಲಿ ಮೇಷ್ಟ್ರ ಹೆಂಡತಿ ನನ್ನತ್ತ ಎರಡೂ ಕೈ ಆಡಿಸುತ್ತಿದ್ದರು. ಕಾಫಿ ಕುಡಿದು ಹೋಗಿ ಅನ್ನುತ್ತಿರಬೇಕೆಂದು "ಬೇಡಮ್ಮ, ಈಗ ತಾನೇ ಆಯ್ತು" ಎಂದೆ. ಅವರು ಹಣೆ ಬಡಿದುಕೊಂಡು ಒಳಗೆ ಹೋದರು.

ಎರಡು ಸಸಿಗಳನ್ನು ಎರಡು ಕೈಯಲ್ಲಿ ಹಿಡಿದು, ಮೇಲಿಂದ "ಥ್ಯಾಂಕ್ಸ್" ಎಂದೂ ಹೇಳಿ ಮನೆಗೆ ಬಂದೆ. ಗೇಟಿನಲ್ಲಿ ಹೆಂಡತಿ ನಿಂತಿದ್ದಳು.

"ಸಂಧಾನ ಮುಗೀತಾ ರೀ? ಇವೇನು, ಸೆರೆ ಹಿಡಿದು ತಂದ ಶತ್ರುಗಳಾ?"

"ಇವು... ಸ್ಯಾಂಪಲ್ಲು" ಎಂದೆ.

ಇನ್ನು ಯುದ್ಧವೇ ಗತಿ. ಭಾನುವಾರ ಬೆಳಗ್ಗೆ ತಲೆಗೆ ಟವೆಲು ಸುತ್ತಿ ಅಖಾಡಕ್ಕಿಳಿದೆ. ಕಿತ್ತೆ, ಎಳೆದೆ, ಕತ್ತರಿಸಿದೆ, ಕತ್ತರಿಸಿದ್ದನ್ನು ಇನ್ನೂ ಸಣ್ಣಗೆ ಕೊಚ್ಚಿದೆ. ಹೆಣದ ರಾಶಿಯನ್ನೆಲ್ಲ ಶೆಡ್ಡಿನ ಪಕ್ಕ ಗುಡ್ಡೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಅಮ್ಮನಿಗೆ ತೋರಿಸಿದೆ.

"ಚೆನ್ನಾಗಿ ಕೊಚ್ಚಿದೀಯ" ಎಂದಳು ಅಮ್ಮ. "ಪಲ್ಯಕ್ಕಾ?"

ಮುಂದಿನ ಭಾನುವಾರ ನೋಡುತ್ತೇನೆ, ಕೊಚ್ಚಿದ ಒಂದೊಂದು ತುಂಡೂ ಒಂದೊಂದು ಗಿಡ! ಗುಡ್ಡೆಗೆ ಗುಡ್ಡೆಯೇ ಚಿಗುರಿ, ಶೆಡ್ಡಿನ ಗೋಡೆ ಹತ್ತಿ, ಚಾವಣಿಯ ಮೇಲೆ ಬಾವುಟ ಹಾರಿಸುವಂತೆ ಹಳದಿ ಹೂ ಬಿಟ್ಟಿತ್ತು. ನಾನು ಯುದ್ಧ ಮಾಡಿರಲಿಲ್ಲ, ನಾಟಿ ಮಾಡಿದ್ದೆ! ಗೋಡೆಯುದ್ದಕ್ಕೂ ತಗಡು ಹೂತು ಅಡ್ಡ ಕಟ್ಟಿದೆ, ಅದನ್ನು ಏಣಿ ಮಾಡಿಕೊಂಡು ಹತ್ತಿ ಬಂತು. ಕುದಿಯುವ ನೀರು ಸುರಿದೆ, ಗುಲಾಬಿ ಸತ್ತಿತು. ಬಳ್ಳಿ ಮಾರನೆಯ ದಿನ ಸ್ನಾನ ಮಾಡಿ ಬಂದವರ ಹಾಗೆ ಇನ್ನಷ್ಟು ಹೊಳೆಯಿತು.

ಆಕಾಶದಲ್ಲಿ ಮೋಡಗಳು ಕೂಡತೊಡಗಿದವು. ಹೆಂಡತಿ ಪಂಥದ ಸುದ್ದಿಯನ್ನೇ ಎತ್ತಲಿಲ್ಲ. ಸುಮ್ಮನೆ ಅಳತೆಯ ಟೇಪು ಹಿಡಿದು ಮಷೀನಿನ ಉದ್ದ ಅಗಲ ಅಳೆದುಕೊಂಡಳು.

ಹೀಗಿರುವಾಗ ಒಂದು ಬೆಳಗ್ಗೆ, ಬಚ್ಚಲಿಗೆ ಹೋಗಲು ಟವೆಲು ಹೆಗಲ ಮೇಲೆ ಹಾಕಿಕೊಂಡು, ಹೆಂಡತಿ ಸೂಜಿ ಎತ್ತುವುದನ್ನೇ ಕಾಯುತ್ತ ನಿಂತಿದ್ದೆ. ಬೀದಿ ಕೊನೆಯ ಮನೆಯ ನರ್ಸಮ್ಮ ಯೂನಿಫಾರ್ಮ್ ಸಡಿಲ ಮಾಡಿಸಲು ಬಂದರು. ಬಂದವರು ಅಡುಗೆಮನೆಯ ಕಿಟಕಿ ನೋಡಿ ನಿಂತುಬಿಟ್ಟರು. ಕಿಟಕಿಯಲ್ಲಿ ನನ್ನದೇ ಒಂದು ಕಿತ್ತಳೆ ಕುಂಡ, ದಾರದಲ್ಲಿ ತೂಗುತ್ತಿತ್ತು. ಅದರಲ್ಲಿ ಅದೇ ಬಳ್ಳಿ! ಕುಂಡ ವಾಲಿದ ಕಡೆಯಿಂದ ಮೊಣಕಾಲುದ್ದ ಇಳಿಬಿದ್ದು, ಮೈತುಂಬ ಹಳದಿ ಹೂ ಮುಡಿದು ಓಲಾಡುತ್ತಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆ ಅಕ್ಕಾ! ಎಲ್ಲಿ ಸಿಗುತ್ತೆ ಇದು?"

"ಸಿಗಲ್ಲಮ್ಮ" ಎಂದಳು ನನ್ನ ಹೆಂಡತಿ, ಬಟ್ಟೆಯಿಂದ ತಲೆಯೆತ್ತದೆ.

"ನನಗೂ ಒಂದು ತರಿಸಿಕೊಡಿ."

"ಇಲ್ಲ, ಇದು ಕೊಡೋದಲ್ಲ."

ನರ್ಸಮ್ಮ ಹೋಗುವಾಗ ಹಿಂತಿರುಗಿ ಹಿಂತಿರುಗಿ ನೋಡುತ್ತ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು.

ಆ ಸದ್ದಿಗೆ ನನ್ನ ತಲೆಯೊಳಗೆ ದೀಪ ಹತ್ತಿತು! ಕುಂಡ ಕಿಟಕಿಗೆ ಹೇಗೆ ಬಂತು, ಬಳ್ಳಿಯನ್ನು ಯಾರು ನೆಟ್ಟರು ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಹೊಳೆದದ್ದು ವ್ಯಾಪಾರ! ಸ್ನಾನವನ್ನೂ ಮರೆತು ಶೆಡ್ಡಿಗೆ ಓಡಿದೆ.

"ಯಾಕ್ರೀ, ಏನಾಯ್ತು?" ಎಂದು ಕೂಗಿದಳು.

"ನಿನಗೆ ಗೊತ್ತಾಗಲ್ಲ ಬಿಡು. ಇದು ವ್ಯಾಪಾರಸ್ಥನ ತಲೆ!"

"ಹೌದೌದು, ನನಗೆಲ್ಲಿ ಗೊತ್ತಾಗ್ಬೇಕು" ಎಂದಳು. ಮಷೀನು ಮತ್ತೆ ಟಕಟಕ ಎಂದಿತು.

ಅಂದು ಮಧ್ಯಾಹ್ನದೊಳಗೆ ನನ್ನ ಅಂಗಡಿಯ ಮುಂದೆ ಸೊಟ್ಟ ಕುಂಡಗಳ ತೋರಣ! ಒಂದೊಂದರಿಂದಲೂ ಬಳ್ಳಿ ಇಳಿಬಿದ್ದಿದೆ, ನಡುವೆ ನನ್ನ ಬ್ರಹ್ಮಾಸ್ತ್ರ: 'ಮಾರಾಟಕ್ಕಿಲ್ಲ'. ಎದುರಿನ ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದ.

"ಸಾಹುಕಾರ್ರೇ, ಒಂದು ಕೊಡಿ, ಕನ್ನಡಿ ಪಕ್ಕ ಹಾಕ್ತೀನಿ."

"ಓದೋಕೆ ಬರುತ್ತಲ್ಲ?"

"ಎಲ್ಲರಿಗೂ ಇಲ್ಲ ಅನ್ನಿ, ನನಗೊಂದು ಕೊಡಿ."

"ಆಯ್ತಪ್ಪ, ಎದುರುಬದುರು ಅಂಗಡಿ ಅಂತ ಕೊಡ್ತಿದೀನಿ. ಯಾರಿಗೂ ಹೇಳ್ಬೇಡ."

ಕ್ಷೌರದವನಿಗೆ ಯಾರಿಗೂ ಹೇಳಬೇಡ ಅಂದರೆ ಸಾಕು, ಊರಿಗೆ ಡಂಗುರ ಹೊಡೆಸಿದಂತೆ! ಸಂಜೆಗೆ ಹಲ್ಲಿನ ಡಾಕ್ಟರು ಬಂದರು.

"ಇದ್ಯಾಕ್ರೀ ಸೊಟ್ಟಗಿದೆ?"

"ಸೊಟ್ಟ ಅಲ್ಲ ಡಾಕ್ಟ್ರೇ, ಇಳಿಜಾರು! ಬಳ್ಳಿ ಆರಾಮಾಗಿ ಇಳೀಲಿ ಅಂತಲೇ ಬಾಗಿಸಿ ಮಾಡಿದ್ದು. ನೆಟ್ಟಗಿರೋ ಕುಂಡ ಯಾರ ಹತ್ರ ಬೇಕಾದ್ರೂ ಸಿಗುತ್ತೆ. ಒಂದು ಮಾತು, ಇದನ್ನ ನೆಲಕ್ಕೆ ಮಾತ್ರ ಇಳಿಸಬೇಡಿ."

"ಇಳಿಸಿದ್ರೆ?"

"ಇಳಿಸಿದ್ರೆ ಅದು ಇರಲ್ಲ" ಎಂದೆ. ನಿಜವನ್ನೇ ಹೇಳಿದ್ದೆ. ಇಟ್ಟ ಜಾಗದಲ್ಲಿ ಅದು ಇರುವುದಿಲ್ಲ! ಅವರು ಅಪರೂಪದ ನಾಜೂಕು ಗಿಡವೆಂದು ಎದೆಗವಚಿಕೊಂಡು ಹೋದರು.

ಅಂದಿನಿಂದ ನನ್ನ ಹಿತ್ತಿಲಲ್ಲಿ ಕಳೆ ಎಂಬುದು ಹೋಗಿ ಸರಕು ಎಂಬುದು ಬಂತು. ಶಪಿಸುತ್ತ ಕೀಳುತ್ತಿದ್ದವನು ಈಗ ಮಂಡಿಯೂರಿ, ಒಂದು ಬೇರೂ ತುಂಡಾಗದಂತೆ, ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತುತ್ತಿದ್ದೆ. ಮಣ್ಣನ್ನು ಜರಡಿ ಹಿಡಿದು ಬೇರು ಹುಡುಕುತ್ತಿದ್ದೆ. ಟೊಮ್ಯಾಟೊ ಗಿಡಗಳು ಉಸಿರಾಡಿದವು. ಬನಿಯನ್ನುಗಳು ತಂತಿಯ ಮೇಲೆ ಸ್ವತಂತ್ರವಾದವು. ಶೆಡ್ಡಿನ ಕುಂಡಗಳು ಚಾವಣಿಯಿಂದ ಎದೆಯೆತ್ತರಕ್ಕೆ, ಎದೆಯೆತ್ತರದಿಂದ ಮಂಡಿಗೆ ಇಳಿದವು. ಕೊನೆಗೆ ವಿಚಿತ್ರ ನೋಡಿ, ಕುಂಡ ಉಳಿದಿವೆ, ಬಳ್ಳಿಯೇ ಮುಗಿದುಹೋಯಿತು!

ಗೋಡೆಯ ಮೇಲಿಂದ ಮೇಷ್ಟ್ರ ಹಿತ್ತಿಲತ್ತ ಆಸೆಗಣ್ಣಿನಿಂದ ಇಣುಕಿದೆ. ಮೇಷ್ಟ್ರ ಹೆಂಡತಿ ಅಲ್ಲೇ ನಿಂತಿದ್ದರು.

"ಅಮ್ಮಾ, ಮೇಷ್ಟ್ರು ಇಲ್ವಾ?"

"ಕ್ರೀಡಾಕೂಟಕ್ಕೆ ಅಂಪೈರ್ ಆಗಿ ಹೋಗಿದಾರೆ, ವಾರ ಆಗುತ್ತೆ ಬರೋದು. ಅಣ್ಣಾ, ಬೇಗ ಬನ್ನಿ! ಬೇರು ಸಮೇತ ಎತ್ಕೊಂಡು ಹೋಗ್ಬಿಡಿ! ನಮ್ಮನೇಲಿ ಕಿಟಕಿ ಬಾಗಿಲು ಹಾಕೋಕಾಗ್ತಿಲ್ಲ. ಅವತ್ತು ಬೇಡ ಬೇಡ ಅಂತ ಅಷ್ಟು ಕೈ ಆಡಿಸಿದ್ರೆ ನೀವು ಕಾಫಿ ಆಯ್ತು ಅಂತೀರಲ್ಲ!"

ಗೋಡೆ ಹಾರಿದೆ. ಈ ವಯಸ್ಸಿನಲ್ಲಿ, ಈ ಹೊಟ್ಟೆಯೊಂದಿಗೆ, ಹಾರಿದೆ! ವಾರ ಮುಗಿಯುವಷ್ಟರಲ್ಲಿ ಶತ್ರುವಿನ ರಾಜಧಾನಿಯೇ ಬಯಲಾಗಿ, ಒಂದೇ ಒಂದು ಹಳದಿ ಹೂವೂ ಉಳಿಯಲಿಲ್ಲ. ಶೆಡ್ಡು ಬರಿದಾಗಿ, ಅಡುಗೆಮನೆ ಕಿಟಕಿಯ ಕುಂಡವೂ ಮಾರಿಹೋಗಿ, ಅಂಗಡಿಯಲ್ಲಿ ಕೊನೆಯ ಕುಂಡ ತೂಗುತ್ತಿತ್ತು.

ಆಗ ಬೀದಿಯ ಆ ತುದಿಯಿಂದ ಸೀಟಿ ಕೇಳಿಸಿತು.

"ಸಾಹುಕಾರ್ರೇ!" ಮೇಷ್ಟ್ರು ಬಂದು ನಿಂತರು. ಕೈಯಲ್ಲಿ ಪ್ರಯಾಣದ ಚೀಲ ಹಾಗೇ ಇದೆ. "ಎಲ್ಲಿ ನನ್ನ ದಂಡು? ಹಿತ್ತಿಲು ಬೋಳು ಮೈದಾನ ಆಗಿದೆ! ಮನೆಯವಳನ್ನ ಕೇಳಿದ್ರೆ ಸಾಹುಕಾರ್ರನ್ನ ಕೇಳಿ ಅಂತಾಳೆ."

ಬೇರೆಲ್ಲಾದರೂ ಸಿಕ್ಕಿದ್ದರೆ ಓಟ ಕೀಳುತ್ತಿದ್ದೆ. ಆದರೆ ಗಲ್ಲಾದಲ್ಲಿ ಕೂತಾಗ ನಾನು ಬೇರೆಯೇ ಮನುಷ್ಯ. ಮೇಲೆ ಬೆರಳು ತೋರಿಸಿದೆ. ಅವರು ತಲೆಯೆತ್ತಿದರು.

"ಇದು... ನಮ್ಮದಲ್ವಾ?"

"ನಿಮ್ಮದೇ ಮೇಷ್ಟ್ರೇ. ನೆಲದ ಮೇಲಿದ್ದಾಗ ಮಂದೆ ಥರ ಓಡ್ತಿತ್ತು. ಮುಂದೆ ನಡೀತು, ಒಪ್ಪಿದೆ. ಆದರೆ ನಿಲ್ಲು ಅಂದ್ರೆ ಒಂದು ದಿನ ನಿಂತಿತ್ತಾ? ಈಗ ನೋಡಿ, ಹೇಗಿದೆ? ಅಟೆನ್ಷನ್!"

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಬಳ್ಳಿ ನೆಟ್ಟಗೆ, ಒಂದೇ ಸಾಲಿನಲ್ಲಿ, ಕೈಕಾಲು ಆಡಿಸದೆ ತೂಗುತ್ತಿತ್ತು.

"ಶಿಸ್ತು ಬಂದಿದೆ" ಎಂದರು ಮೆಲ್ಲಗೆ. ಕಣ್ಣಂಚು ಒದ್ದೆಯಾಗಿತ್ತು. "ಕೊಡಿ ಇದನ್ನ."

"ಮಾರಾಟಕ್ಕಿಲ್ಲ ಮೇಷ್ಟ್ರೇ."

"ಕೊಡ್ರೀ ಅಂದ್ರೆ!"

ಕೊಟ್ಟೆ! ಅವರ ಬಳ್ಳಿಯನ್ನು ನನ್ನ ಸೊಟ್ಟ ಕುಂಡದಲ್ಲಿಟ್ಟು ಅವರಿಗೇ ಮಾರಿದೆ! ವ್ಯಾಪಾರದ ಇತಿಹಾಸದಲ್ಲಿ ಇಂಥದ್ದು ನಡೆದಿದ್ದರೆ ತೋರಿಸಿ!

ಬಾಗಿಲು ಎಳೆದು ಬೀದಿಗಿಳಿಯುವಾಗ ಮೊದಲ ಹನಿ ಬಿತ್ತು. ರಸ್ತೆಯ ನಟ್ಟನಡುವೆ, ನೆನೆಯುತ್ತ, ಎದೆಯುಬ್ಬಿಸಿ ನಡೆದು ಬಂದು ಅದೇ ಹಿತ್ತಿಲ ಮೆಟ್ಟಿಲ ಮೇಲೆ ನಿಂತೆ.

"ಬಳ್ಳಿ ಎಲ್ಲಿ? ಹುಡುಕು! ಒಂದೆಲೆ ತೋರಿಸು!"

"ಗೆದ್ರಿ ರೀ, ಒಪ್ಪಿದೆ" ಎಂದು ಹೆಂಡತಿ ಟವೆಲು ತಂದುಕೊಟ್ಟಳು.

"ಪಂಥ ನೆನಪಿದೆಯಲ್ಲ? ಇನ್ನು ಶೆಡ್ಡಿನ ಮಾತು..."

ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಎಂಥ ವಿನಯ! ಅಂದು ಹೊಟ್ಟೆ ತುಂಬ ಉಂಡು ಚಕ್ರವರ್ತಿಯಂತೆ ಮಲಗಿದೆ.

ಬೆಳಗ್ಗೆ ಬಚ್ಚಲಿಗೆ ಹೊರಟವನು ಎಲ್ಲೂ ನಿಲ್ಲದೆ, ಎಡವದೆ, ನೇರ ಒಳಗೆ ಹೋದೆ. ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಾಗ ಅನುಮಾನ ಬಂತು. ಇಷ್ಟು ಸಲೀಸಾಗಿ ಹೇಗೆ ಬಂದೆ? ಮಷೀನು ಎಲ್ಲಿ? ಕಿವಿಗೊಟ್ಟೆ. ಹಿತ್ತಿಲಿನಿಂದ ಟಕಟಕ ಸದ್ದು!

ಸೊಂಟಕ್ಕೆ ಟವೆಲು ಸುತ್ತಿಕೊಂಡು ಮಳೆಯಲ್ಲೇ ಓಡಿದೆ. ಶೆಡ್ಡು ಗುಡಿಸಿ ಒರೆಸಿ ಲಕಲಕ ಹೊಳೆಯುತ್ತಿತ್ತು. ಕಿಟಕಿಗೆ ಹೂವಿನ ಪರದೆ, ಪರದೆಯ ಪಕ್ಕ ಮಷೀನು, ಮಷೀನಿನ ಮುಂದೆ ನನ್ನ ಹೆಂಡತಿ. ಸ್ಟೂಲಿನ ಮೇಲೆ ಬಟ್ಟೆಯ ಗಂಟು ಹಿಡಿದ ಮೇಷ್ಟ್ರ ಹೆಂಡತಿ, ಮೂಲೆಯಲ್ಲಿ ಬಟಾಣಿ ಸುಲಿಯುತ್ತ ಅಮ್ಮ.

"ಏನೇ ಇದು? ಪಂಥ ಗೆದ್ದಿದ್ದು ನಾನು!"

"ಹೌದು ರೀ, ನೀವೇ ಗೆದ್ದಿದ್ದು" ಎಂದು ಹಲ್ಲಿನಿಂದ ದಾರ ಕಡಿದಳು. "ಮಾತು ಎತ್ತಬಾರದು ಅಂದ್ರಿ. ಎತ್ತಿದ್ನಾ? ಒಂದಕ್ಷರ?"

ಜಾರುತ್ತಿದ್ದ ಟವೆಲನ್ನು ಬಿಗಿಮಾಡಿಕೊಂಡೆ.

"ಪಾಪ, ಅವಳೆಷ್ಟು ಕಷ್ಟ ಪಟ್ಳು ಗೊತ್ತೇನೋ" ಎಂದಳು ಅಮ್ಮ. "ಆ ಕುಂಡ ನಿನ್ನ ಕಣ್ಣಿಗೆ ಬೀಳಲಿ ಅಂತ ಮೊದಲು ಊಟದ ಮೇಜಿನ ಮೇಲಿಟ್ಳು, ಆಮೇಲೆ ನಿನ್ನ ಚಪ್ಪಲಿ ಪಕ್ಕ ಇಟ್ಳು. ನೀನು ದಾಟ್ಕೊಂಡು ಹೋದೆ. ಕೊನೆಗೆ ನರ್ಸಮ್ಮನನ್ನೇ ಕರೆಸ್ಬೇಕಾಯ್ತು. ಇನ್ನೂ ಹಣೆ ಊತ ಇಳಿದಿಲ್ವಂತೆ ಅವಳಿಗೆ."

ಮೇಷ್ಟ್ರ ಹೆಂಡತಿ ಬಟ್ಟೆಯ ಗಂಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ವ್ಯಾಪಾರಸ್ಥ ಸೋತರೂ ಕೊನೆಯ ಚೌಕಾಸಿ ಬಿಡುವುದಿಲ್ಲ. ದನಿ ತಗ್ಗಿಸಿ ಕೇಳಿದೆ: "ಒಂದು ಮೂಲೆ ಆದ್ರೂ ಬಿಟ್ಟುಕೊಡೇ. ಒಂದು ಲೋಡು ಬಕೆಟ್ ಬರ್ತಿದೆ. ತುಂಬ ಅಗ್ಗದಲ್ಲಿ ಸಿಕ್ತು. ಹಿಡಿಕೆ ಸ್ವಲ್ಪ..."

ಅವಳು ಮಷೀನು ತುಳಿಯುತ್ತಲೇ ಕತ್ತರಿಯಿಂದ ಬಾಗಿಲತ್ತ ತೋರಿಸಿದಳು. ತಿರುಗಿ ನೋಡಿದೆ. ಬಾಗಿಲಲ್ಲಿ ಒಂದು ರಟ್ಟು ತೂಗುತ್ತಿತ್ತು. ನನ್ನದೇ ದಾರ, ನನ್ನದೇ ಅಕ್ಷರ: 'ಮಾರಾಟಕ್ಕಿಲ್ಲ'.

ಸತ್ಯ ಹೇಳುತ್ತೇನೆ, ಅದನ್ನು ಓದಿದ ಕೂಡಲೇ ನನಗೆ ಆ ಶೆಡ್ಡು ಬೇಕೇ ಬೇಕು ಅನ್ನಿಸಿಬಿಟ್ಟಿತು!